ಲಾಂಗ್ ಬುಕ್ಕಿನ ಹಿಂದಿನ ಹಾಳೆಗಳು

ಸಂಕ್ರಾಂತಿ ಕಳೆದು ಎರಡು ದಿನ ಆಗಿತ್ತು. ರಾತ್ರಿ ಊಟ ಆದ್ಮೇಲೆ ನೆನೆಸಿಟ್ಟಿದ್ದ ಅವರೆಕಾಳು ಮುಂದೆ ಇಟ್ಕೊಂಡು ಹಿತುಕ್ತಾ ಕೂತಿದ್ದೆ. ಯಲಹಂಕದ ಚಳಿ ನಿಮ್ಗೆಲ್ಲಾ ಗೊತ್ತಲ್ಲ, ಬೆರಳೆಲ್ಲಾ ಮರಗಟ್ಟೋಗಿತ್ತು. ಸಿಪ್ಪೆ ಹಾಕೋಕೆ ಹಳೇ ಪೇಪರ್ ಹುಡುಕಿದ್ರೆ ಮನೇಲಿ ಒಂದೂ ಇಲ್ಲ. ಈಗ ಪೇಪರ್ ಯಾರು ತರಿಸ್ತಾರೆ ಹೇಳಿ, ಎಲ್ಲಾ ಫೋನಲ್ಲೇ. ಮಗಳ ಟೇಬಲ್ ಮೇಲೆ ಹೋದ ವರ್ಷದ ಕೆಮಿಸ್ಟ್ರಿ ಲಾಂಗ್ ಬುಕ್ ಕಾಣಿಸ್ತು. ಫಸ್ಟ್ ಪಿಯುದು, ಮುಗಿದೋಗಿರೋದು, ಹಿಂದಿನ ಎರಡು ಹಾಳೆ ಹರ್ಕೊಂಡ್ರೆ ಏನೂ ಆಗಲ್ಲ ಅಂತ ತೆಗೆದೆ.

ಹಿಂದಿನ ಹಾಳೇಲಿ ನೀಲಿ ಪೆನ್ನಲ್ಲಿ ಬರೆದಿತ್ತು: ಸೋಮ ಅವಳ ಕೈ ಹಿಡಿದುಕೊಂಡ, ಬಿಡಲಿಲ್ಲ.

ಎದೆ ಧಸಕ್ ಅಂತು. ಯಾರಪ್ಪಾ ಇವನು ಸೋಮ? ಟ್ಯೂಷನ್ ಹುಡ್ಗನಾ, ಬಸ್ಸಲ್ಲಿ ಬರೋನಾ? ಮಾರ್ಚಲ್ಲಿ ಸೆಕೆಂಡ್ ಪಿಯು ಪರೀಕ್ಷೆ, ಈ ಹುಡ್ಗಿ ಇಲ್ಲಿ ಕೈ ಹಿಡಿಸ್ಕೊಂಡು ಕೂತವ್ಳೆ. ಒಳಗೆ ಅವಳು ಹೆಡ್‌ಫೋನ್ ಹಾಕ್ಕೊಂಡು ಓದ್ತಿದ್ಲು. ಎದ್ದೋಗಿ ಎರಡು ಬಿಡಾಣ ಅನ್ನಿಸ್ತು. ಆದ್ರೂ ಮುಂದಿನ ಸಾಲು ಓದಿದೆ. ಅವನ ಸೊಂಟದ ಕತ್ತಿ ಅವಳ ಮೊಣಕಾಲಿಗೆ ತಾಗಿತಂತೆ. ಪಕ್ಕದಲ್ಲಿ ಅವನ ಕುದುರೆ ನೀರು ಕುಡೀತಿತ್ತಂತೆ.

ಯಾವ ಟ್ಯೂಷನ್ ಹುಡ್ಗ ಕುದುರೆ ಮೇಲೆ ಬರ್ತಾನೆ ಹೇಳಿ. ಉಸಿರು ಬಿಟ್ಟು, ಅವರೆಕಾಳು ಪಕ್ಕಕ್ಕಿಟ್ಟು, ಮೊದಲಿನಿಂದ ಓದೋಕೆ ಕೂತೆ. ನಲವತ್ತು ಹಾಳೆ ಬರ್ದಿದ್ಲು.

ಕಥೆ ಇಷ್ಟು. ಚೈತ್ರ ಅಂತ ಹದಿನೇಳು ವರ್ಷದ ಹುಡ್ಗಿ, ನಮ್ಮ ಯಲಹಂಕದೋಳೇ. ಸಾಯಂಕಾಲ ಕೆರೆ ಏರಿ ಮೇಲೆ ಒಬ್ಬಳೇ ನಿಂತಿರ್ತಾಳೆ. ಏರೋ ಇಂಡಿಯಾ ರಿಹರ್ಸಲ್ ನಡೀತಿರತ್ತೆ. ತಲೆ ಮೇಲೇ ಒಂದು ಜೆಟ್ ಹೋಗತ್ತೆ. ಆ ಸದ್ದು ನಮ್ಗೆ ಹೇಳ್ಕೊಡಬೇಕಾ, ಪಾತ್ರೆ ಸ್ಟ್ಯಾಂಡೇ ಅದುರತ್ತೆ. ಚೈತ್ರ ಕಣ್ಣು ಮುಚ್ಚಿ ಕಿವಿ ಮುಚ್ಕೊಂತಾಳೆ. ಕಣ್ಣು ಬಿಟ್ರೆ ಸದ್ದೇ ಇಲ್ಲ. ಅಪಾರ್ಟ್‌ಮೆಂಟ್ ಇಲ್ಲ, ಕರೆಂಟ್ ಕಂಬ ಇಲ್ಲ, ರೈಲ್ವೆ ಗೇಟಿಲ್ಲ. ಕೆರೆ ಮಾತ್ರ ಇದೆ, ಈಗಿನದಕ್ಕಿಂತ ದೊಡ್ಡದಾಗಿ. ಯಲಹಂಕ ನಾಡಪ್ರಭುಗಳ ಕಾಲ ಅದು. ಕೆಂಪೇಗೌಡ್ರು 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸೋಕೆ ಶುರು ಮಾಡಿರೋ ಸಮಯ. ಸೋಮ ಗೌಡ್ರ ಲಾಯದಲ್ಲಿ ಕುದುರೆ ನೋಡ್ಕೊಳೋ ಹುಡ್ಗ. ಇವಳ್ನ ಕಂಡು ಯಾವುದೋ ದೂರದ ಊರಿಂದ ದಾರಿ ತಪ್ಪಿ ಬಂದೋಳು ಅಂದ್ಕೊಂಡು ಅರಮನೆ ಹೆಂಗಸರ ಹತ್ರ ಬಿಡ್ತಾನೆ.

ಓದ್ತಾ ಓದ್ತಾ ನಂಗೆ ಆದಿತ್ಯ 369 ನೆನಪಾಯ್ತು. 1991ರಲ್ಲಿ ಬಂದ ತೆಲುಗು ಸಿನಿಮಾ, ಸಿಂಗೀತಂ ಶ್ರೀನಿವಾಸರಾವ್ ಅವ್ರದು. ಬಾಲಕೃಷ್ಣನೂ ಹುಡುಗೀನೂ ಮಿಷಿನ್ ಹತ್ಕೊಂಡು ಕೃಷ್ಣದೇವರಾಯನ ಆಸ್ಥಾನಕ್ಕೇ ಹೋಗ್ಬಿಡ್ತಾರೆ. ದೊಡ್ಡಬಳ್ಳಾಪುರದ ಕಡೆ ನಮ್ಮೂರಲ್ಲಿ ಮನೆಮನೇಲೂ ತೆಲುಗು ಅರ್ಥ ಆಗೋದು. ಟಿವಿಲಿ ಬಂದಾಗ ಹತ್ತು ಜನ ಕೂತ್ಕೊಂಡು ನೋಡಿದ್ವಿ. ಆಮೇಲೆ ತಿಂಗಳುಗಟ್ಲೆ ರಾಗಿ ಕಣಜದೊಳಗೆ ಇಳಿದ್ರೆ ಹಂಪಿಗೆ ಹೋಗ್ಬಹುದು ಅಂತ ಆಟ ಆಡ್ತಿದ್ವಿ. ಮಗಳಿಗೆ ಆ ಸಿನಿಮಾ ಗೊತ್ತೇ ಇಲ್ಲ. ಅವಳಿಗೆ ಈ ತರ ಕಥೆ ಫೋನಲ್ಲಿ ಬೇಕಾದಷ್ಟು ಸಿಗತ್ತಂತೆ. ಎಲ್ಲಾದ್ರಲ್ಲೂ ಹುಡುಗಿ ಹಿಂದಿನ ಕಾಲಕ್ಕೆ ಹೋಗ್ತಾಳೆ, ರಾಜಕುಮಾರ ಮರುಳಾಗ್ತಾನೆ, ಪಟ್ಟದ ರಾಣಿ ಆಗ್ತಾಳೆ.

ಇಲ್ಲಿ ಒಂದು ವಿಷಯ ಹೇಳ್ಬೇಕು. ನಮ್ಮ ದೇವನಹಳ್ಳಿ ಅಕ್ಕ, ನಮ್ಮೆಜಮಾನ್ರ ಅಕ್ಕ, ಸಂಕ್ರಾಂತಿ ದಿನ ಎಳ್ಳು ಬೀರೋಕೆ ಬಂದಾಗ ಒಂದು ಸಂಬಂಧದ ಮಾತು ಎತ್ತಿದ್ರು. ಹುಡ್ಗ ಇಂಜಿನಿಯರು, ಒಬ್ಬನೇ ಮಗ, ಏರ್‌ಪೋರ್ಟ್ ರೋಡಲ್ಲಿ ಎರಡೆಕ್ರೆ ಜಮೀನು. ‘ಏಪ್ರಿಲ್‌ಗೆ ಮಗೂಗೆ ಹದಿನೆಂಟು ತುಂಬತ್ತಲ್ಲ, ಪರೀಕ್ಷೆ ಮುಗೀಲಿ, ಮಾತು ಕೊಟ್ಟಿರಾಣ. ಡಿಗ್ರಿ ಮದುವೆ ಆದ್ಮೇಲೂ ಓದ್ಕೊಬೋದು’ ಅಂದ್ರು. ನಮ್ಮೆಜಮಾನ್ರು ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ನಾನೂ ಸುಮ್ನಿದ್ದೆ. ನಿಜ ಹೇಳ್ತೀನಿ, ನಂಗೆ ಒಳಗೊಳಗೇ ಸಂತೋಷ ಆಗಿತ್ತು. ಎರಡೆಕ್ರೆ ಅಂದ್ರೆ ಈಗ ಎಷ್ಟು ಅಂತ ನಿಮ್ಗೂ ಗೊತ್ತು. ಮಗಳ ಹತ್ರ ಈ ಮಾತು ಆಡಿರ್ಲಿಲ್ಲ. ಆದ್ರೆ ಅವಳು ಪಕ್ಕದ ರೂಮಲ್ಲೇ ಇದ್ಲು.

ಆ ರಾತ್ರಿಗೆ ಬರ್ತೀನಿ. ಅವಳು ನೀರು ಕುಡಿಯೋಕೆ ಬಂದೋಳು ನನ್ನ ಕೈಲಿ ಬುಕ್ ನೋಡಿ ಕಲ್ಲಾಗಿ ನಿಂತ್ಬಿಟ್ಲು. ನಾನು ಬೈಲಿಲ್ಲ. ಏನು ಹೇಳ್ಬೇಕೋ ತೋಚದೆ, ‘ನಿನ್ನ ಚೈತ್ರ ಅರಮನೇಲಿ ಟೊಮೇಟೊ ಸಾರು ಉಣ್ತಾಳಲ್ಲೇ, ಅದೆಲ್ಲಿಂದ ಬಂತು?’ ಅಂದೆ.

‘ಯಾಕಮ್ಮ?’

‘ಆಗ ಟೊಮೇಟೊ ಎಲ್ಲಿತ್ತು ಕಣೆ? ಆಲೂಗಡ್ಡೆ ಇಲ್ಲ, ಕಡ್ಲೇಕಾಯಿ ಇಲ್ಲ. ಎಲ್ಲಾ ಅಮೆರಿಕಾ ಖಂಡದ ಬೆಳೆ. ಮೆಣಸಿನಕಾಯೂ ಅಷ್ಟೇ, ಪೋರ್ಚುಗೀಸರ ಹಡಗಲ್ಲಿ ಬಂದಿದ್ದು. ನಿಮ್ಮ ಗೌಡ್ರ ಮನೇಲಿ ಖಾರ ಅಂದ್ರೆ ಕರಿಮೆಣಸು, ಹುಳಿಗೆ ಹುಣಸೆಹಣ್ಣು. ಕಾಫಿನೂ ಬಂದಿರ್ಲಿಲ್ಲ.’

‘ಮತ್ತೆ ಏನು ತಿಂತಿದ್ರು?’

ಬುಟ್ಟಿ ತೋರಿಸಿದೆ. ‘ಇದೇ. ಅವರೆಕಾಳು, ರಾಗಿಮುದ್ದೆ. ಇವು ಆಗ್ಲೂ ಇದ್ವು.’

ಅವಳು ನಿಧಾನಕ್ಕೆ ಬಂದು ಎದುರಿಗೆ ಕೂತು ಒಂದು ಹಿಡಿ ಕಾಳು ಎತ್ಕೊಂಡ್ಲು. ಹಂಗೇ ಹಿತುಕ್ತಾ ಹಿತುಕ್ತಾ ಇಡೀ ಕಥೆ ಬಾಯ್ಬಿಟ್ಲು. ಎರಡು ಸೇರು ಕಾಳು ಮುಗಿಯೋವರೆಗೂ ಅದೇ ಮಾತು.

ಅವಳ ಕಥೇಲಿ ಒಂದು ಜಾಗ ನಂಗೆ ತುಂಬಾ ಹಿಡಿಸ್ತು. ಚೈತ್ರನ ಜೇಬಲ್ಲಿ ಹತ್ತು ರೂಪಾಯಿ ಕಾಯಿನ್ ಇರತ್ತೆ. ಅದನ್ನ ಸೋಮನಿಗೆ ನೆನಪಿಗೆ ಇಟ್ಕೋ ಅಂತ ಕೊಡ್ತಾಳೆ. ಅವನು ಹಾವು ಮುಟ್ಟಿದಂಗೆ ಕೈ ಹಿಂದಕ್ಕೆ ತಗೋತಾನೆ. ಯಾಕಂದ್ರೆ ಕೆಂಪೇಗೌಡ್ರು ವಿಜಯನಗರದೋರ ಅಪ್ಪಣೆ ಇಲ್ದೆ ಸ್ವಂತ ನಾಣ್ಯ ಹೊಡೆಸಿದ್ರು ಅಂತ್ಲೇ ಅಳಿಯ ರಾಮರಾಯ ಅವ್ರನ್ನ ಆನೆಗೊಂದಿಲಿ ಐದು ವರ್ಷ ಸೆರೆಲಿಟ್ಟಿದ್ದು. ‘ನಾಣ್ಯ ಅಂದ್ರೆ ನಮ್ಮ ಕಡೆ ಜನಕ್ಕೆ ಭಯ ಇರ್ತಿತ್ತಲ್ವಾಮ್ಮ’ ಅಂದ್ಲು. ಹತ್ತು ರೂಪಾಯಿ ಕೊಟ್ಟು ಹುಡುಗನ್ನ ಹೆದರಿಸೋ ಪ್ರೇಮಕಥೆ ನಾನು ಎಲ್ಲೂ ಓದಿರ್ಲಿಲ್ಲ.

‘ರಾಜಕುಮಾರನ್ನ ಬಿಟ್ಟು ಲಾಯದ ಹುಡ್ಗನ್ನ ಯಾಕೆ ಹಿಡಿದೆ?’ ಅಂತ ಕೇಳಿದೆ.

‘ರಾಜಕುಮಾರ ಆದ್ರೆ ಅವಳ್ನ ಯಾರೂ ಕೇಳಲ್ಲಮ್ಮ. ನಾಳೆ ಮದ್ವೆ ಅಂತ ಹೇಳ್ತಾರೆ ಅಷ್ಟೇ. ಸೋಮ ಆದ್ರೆ ಕೇಳ್ತಾನೆ’ ಅಂದ್ಲು. ತಲೆ ಎತ್ತಲಿಲ್ಲ, ಕಾಳು ಹಿತುಕ್ತಾನೇ ಇದ್ಲು.

ನಾನೂ ತಲೆ ಎತ್ತಲಿಲ್ಲ.

ಆಮೇಲೆ ನಮ್ಮಜ್ಜಿ ಹೇಳ್ತಿದ್ದ ಒಂದು ವಿಷಯ ಅವಳಿಗೆ ಹೇಳಿದೆ. ನಿಮ್ಮಲ್ಲಿ ಹಿರಿಯರಿಗೆ ಗೊತ್ತಿರತ್ತೆ, ಚಿಕ್ಕೋರಿಗೆ ಗೊತ್ತಿರ್ಲಿಕ್ಕಿಲ್ಲ. ನಮ್ಮ ಮೊರಸು ಒಕ್ಕಲಿಗರಲ್ಲಿ ಹಿಂದೆ ಬೆರಳು ಕೊಡೋ ಪದ್ಧತಿ ಇತ್ತು. ಬಂಡಿ ದೇವರು ಅಂತ ಮಾಡೋರು. ದೊಡ್ಡ ಮಗಳ ಕಿವಿ ಚುಚ್ಚಿಸೋಕೆ ಮುಂಚೆ ತಾಯಿ ತನ್ನ ಕೈಯ ಕೊನೇ ಎರಡು ಬೆರಳ ತುದಿ ಕತ್ತರಿಸಿ ಕೊಡ್ಬೇಕು. ಅಡುಗೆ ಮಾಡೋ ಕೈ, ಕಳೆ ಕೀಳೋ ಕೈ, ಮಗು ಎತ್ಕೊಳೋ ಕೈ. ಕೆಂಪೇಗೌಡ್ರು ಇದನ್ನ ನಿಲ್ಲಿಸಿದ್ರು ಅಂತ ಅವರ ಹೆಸರಲ್ಲಿ ಹೇಳ್ತಾರೆ. ಆದ್ರೂ ಪೂರ್ತಿ ನಿಂತಿರ್ಲಿಲ್ಲ. ಅವರಾಗಿ ಎರಡೂವರೆ ನೂರು ವರ್ಷದ ಮೇಲೆ, 1800ರಲ್ಲಿ, ನಮ್ಮ ಸೀಮೆ ಸುತ್ತಿದ ಬುಕನನ್ ಅನ್ನೋ ಡಾಕ್ಟ್ರು ಕೂಡ ಈ ಪದ್ಧತಿ ಬಗ್ಗೆ ಬರೆದಿಟ್ಟವ್ರೆ. ಕೊನೆಗೆ ಸರ್ಕಾರ ನಿಷೇಧ ಮಾಡಿದ ಮೇಲೆ ಬೆರಳಿನ ಬದಲು ಚಿನ್ನದ ಚೂರೋ ಬೆಳ್ಳಿ ಚೂರೋ ಬೆರಳಿಗೆ ಅಂಟಿಸಿ, ಅದನ್ನ ತೆಗೆದು ದೇವ್ರಿಗೆ ಒಪ್ಪಿಸೋದು ಬಂತು. ನಮ್ಮಜ್ಜಿಗೆ ಹತ್ತು ಬೆರಳೂ ಇದ್ವು. ಅವರಜ್ಜಿಗೆ ಇರ್ಲಿಲ್ವಂತೆ. ‘ಎಂಟೇ ಬೆರಳಲ್ಲಿ ಹತ್ತು ಜನಕ್ಕೆ ಮುದ್ದೆ ಕಟ್ಟೋಳು’ ಅಂತ ಹೇಳೋರು, ಏನೋ ದೊಡ್ಡಸ್ತಿಕೆ ಅನ್ನೋ ಹಂಗೆ.

ಮಗಳು ತನ್ನ ಕೈ ನೋಡ್ಕೊಂಡ್ಲು. ಆಮೇಲೆ ನನ್ನ ಕೈ ನೋಡಿದ್ಲು. ‘ಅವ್ರೂ ಯಾರೂ ಕೇಳಿರಲ್ಲ ಅಲ್ವಾ?’ ಅಂದ್ಲು.

‘ಇಲ್ಲ ಅನ್ಸತ್ತೆ.’

ಈ ಕಥೆ ಅವಳಿಗೆ ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಆಗ ಹೇಳಿದ್ಲು. ಲಕ್ಷ್ಮಮ್ಮನ ಹತ್ರ. ಬೆಂಗಳೂರಲ್ಲಿ ಬೆಳೆದ ನಮ್ಗೆಲ್ಲಾ ಗೊತ್ತಿರೋ ಕಥೆನೇ. ಕೋಟೆ ಬಾಗಿಲು ಹಗಲು ಕಟ್ಟಿದ್ದು ರಾತ್ರಿ ಬಿದ್ದೋಗ್ತಿತ್ತಂತೆ. ಬಸುರಿ ಹೆಂಗಸಿನ ಬಲಿ ಬೇಕು ಅಂತ ಜೋಯಿಸರು ಹೇಳಿದ್ರಂತೆ. ಗೌಡ್ರು ಆಗಲ್ಲ ಅಂದ್ರಂತೆ. ಆದ್ರೆ ಸೊಸೆ ಲಕ್ಷ್ಮಮ್ಮ ತುಂಬಿದ ಬಸುರಿ, ಯಾರಿಗೂ ಹೇಳ್ದೆ ರಾತ್ರಿ ಎದ್ದೋಗಿ ಬಾಗಿಲ ಮುಂದೆ ತನ್ನನ್ನೇ ಕೊಟ್ಕೊಂಡ್ಲಂತೆ. ಬಾಗಿಲು ನಿಲ್ತಂತೆ. ಕೋರಮಂಗಲದಲ್ಲಿ ಅವಳ ಸಮಾಧಿ ಇದೆ.

ಚೈತ್ರನಿಗೆ ಇದು ಗೊತ್ತು, ಯಾಕಂದ್ರೆ ಅವಳು ಸ್ಕೂಲಲ್ಲಿ ಓದವ್ಳೆ. ಅರಮನೇಲಿ ಲಕ್ಷ್ಮಮ್ಮನ ಜೊತೇಲೇ ಮಲಗ್ತಾಳೆ, ಅವಳ ತಲೆ ಬಾಚ್ತಾಳೆ, ಅವಳ ಹೊಟ್ಟೆ ಮೇಲೆ ಕೈಯಿಟ್ಟು ಕೂಸು ಒದೆಯೋದು ನೋಡ್ತಾಳೆ. ಆ ರಾತ್ರಿ ಹತ್ರ ಬರ್ತಾ ಇದೆ. ನಲವತ್ತನೇ ಹಾಳೇಲಿ ಕಥೆ ನಿಂತಿದೆ.

‘ನಿಲ್ಲಿಸ್ಬಿಡು ಅವಳ್ನ. ಕೈ ಹಿಡ್ಕೊಂಡು ಎಳೀಲಿ’ ಅಂದೆ.

‘ನಿಲ್ಸಿದ್ರೆ ಬಾಗಿಲು ಬಿದ್ದೋಗತ್ತೆ. ಬೆಂಗ್ಳೂರೇ ಇರಲ್ಲ. ಚೈತ್ರನೂ ಹುಟ್ಟಲ್ಲ.’

‘ಒಂದು ಬಾಗಿಲು ಬಿದ್ರೆ ಇನ್ನೊಂದು ಕಟ್ತಾರೆ ಬಿಡು. ಅದು ಮಣ್ಣಿನ ಕೋಟೆ ಕಣೆ. ಮಳೆ ಬಂದಿರತ್ತೆ, ಬಿದ್ದಿರತ್ತೆ. ಬುನಾದಿ ಸರಿಯಾಗಿ ಹಾಕಿರಲ್ಲ. ನಮ್ಮ ಕಾಂಪೌಂಡ್ ಬೀಳ್ಲಿಲ್ವಾ ಹೋದ ಮಳೇಲಿ?’

ಅವಳು ಜೋರಾಗಿ ನಕ್ಕಳು. ನಾನೂ ನಕ್ಕೆ. ನಮ್ಮೆಜಮಾನ್ರು ಒಳಗಿಂದ ‘ಇನ್ನೂ ಮಲಗಲ್ವಾ ನೀವು?’ ಅಂತ ಕೂಗಿದ್ರು.

ನಗು ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದ್ಲು. ‘ಅಮ್ಮ, ದೇವನಹಳ್ಳಿ ಅತ್ತೆ ಹೇಳಿದ್ದಕ್ಕೆ ನೀನು ಯಾಕೆ ಏನೂ ಅನ್ಲಿಲ್ಲ?’

ನನ್ನ ಹತ್ರ ಉತ್ತರ ಇರ್ಲಿಲ್ಲ.

ನಾನು ಬಿಕಾಂ ಎರಡನೇ ವರ್ಷದಲ್ಲಿದ್ದೆ. ಕಾಲೇಜಿಂದ ಬಂದು ಚಪ್ಪಲಿ ಬಿಡ್ತಿದ್ದಂಗೆ ಅಮ್ಮ ಸೀರೆ ಕೈಗೆ ಕೊಟ್ರು. ಹಿಂದಿನ ಕೋಣೇಲಿ ಉಟ್ಕೊಂಡು, ಕಾಫಿ ತಟ್ಟೆ ಹಿಡ್ಕೊಂಡು ಬಂದೆ. ಸಾಯಂಕಾಲ ಅಪ್ಪ ಬಂದು ‘ಹುಡ್ಗ ಒಪ್ಪವ್ನೆ’ ಅಂದ್ರು. ಎಲ್ಲಾರ್ಗೂ ಸಂತೋಷ. ನೀನು ಒಪ್ಪಿದ್ದೀಯಾ ಅಂತ ಒಬ್ಬರೂ ಕೇಳ್ಲಿಲ್ಲ. ಕೇಳಿದ್ರೆ ಒಪ್ತಿದ್ದೆ ಅನ್ಸತ್ತೆ. ನಮ್ಮೆಜಮಾನ್ರು ಒಳ್ಳೇವ್ರು, ಇಪ್ಪತ್ತು ವರ್ಷದಲ್ಲಿ ಒಂದಿನ ಕೈ ಎತ್ತಿಲ್ಲ. ಅದು ಬೇರೆ ಮಾತು. ಕೇಳ್ಲಿಲ್ಲ ಅನ್ನೋದು ಇನ್ನೂ ಒಳಗೆ ಚುಚ್ತಾ ಇರತ್ತೆ. ಬಿಕಾಂ ಮದುವೆ ಆದ್ಮೇಲೂ ಓದ್ಬೋದು ಅಂತ ನಂಗೂ ಹೇಳಿದ್ರು. ಆ ಪುಸ್ತಕ ಅಟ್ಟದ ಮೇಲೆ ಇನ್ನೂ ಇವೆ.

ಇದನ್ನೆಲ್ಲಾ ಮಗಳಿಗೆ ಹೇಳಿದೆ. ಹೇಳಿ, ‘ಈಗ ಕೇಳ್ತಿದೀನಿ. ನಿಂಗೆ ಇಷ್ಟ ಐತಾ?’ ಅಂದೆ.

‘ಇಲ್ಲಮ್ಮ’ ಅಂದ್ಲು. ಅಷ್ಟೇ. ಅಳ್ಲಿಲ್ಲ, ವಾದ ಮಾಡ್ಲಿಲ್ಲ. ‘ಇತಿಹಾಸ ಓದ್ಬೇಕು. ಸೈನ್ಸ್ ಬಿಟ್ಟು ಬಿಎ ಸೇರ್ತೀನಿ’ ಅಂದ್ಲು. ಅದು ಇನ್ನೊಂದು ರಾಮಾಯಣ, ಅದನ್ನ ಅವರಪ್ಪನಿಗೆ ಇನ್ನೂ ಹೇಳಿಲ್ಲ. ಇದನ್ನ ಓದಿದ್ರೆ ಗೊತ್ತಾಗತ್ತೆ.

ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿದೆ. ‘ಅಕ್ಕ, ಅವಳ್ನ ಕೇಳ್ದೆ. ಬೇಡ ಅಂದ್ಲು’ ಅಂದೆ.

‘ಅವಳ್ನ ಕೇಳೋದೇನು ಬಂತು? ಮಗೂಗೆ ಏನು ಗೊತ್ತಾಗತ್ತೆ?’ ಅಂದ್ರು.

‘ಅಷ್ಟೂ ಗೊತ್ತಾಗದೇ ಇರೋ ಮಗೂಗೆ ಮದುವೆ ಹೆಂಗೆ ಮಾಡೋದು ಅಕ್ಕ?’ ಅಂದ್ಬಿಟ್ಟೆ. ಬಾಯಿಂದ ಬಂದ್ಮೇಲೆ ನಂಗೇ ಭಯ ಆಯ್ತು. ಅಕ್ಕ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ‘ಸರಿ ಬಿಡು, ಹಿತಕಿದ ಬೇಳೆ ಒಂದು ಡಬ್ಬಿ ಕಳಿಸು, ನನ್ನ ಕೈಲಿ ಹಿತುಕೋಕೆ ಆಗಲ್ಲ, ಗಂಟು ನೋವು’ ಅಂದ್ರು. ಕಳಿಸಿದೀನಿ. ಅಕ್ಕ, ಇದನ್ನ ಓದ್ತಿದ್ರೆ ಬೇಜಾರು ಮಾಡ್ಕೋಬೇಡಿ. ನೀವು ಒಳ್ಳೇದಕ್ಕೇ ಹೇಳಿದ್ದು ಅಂತ ನಂಗೆ ಗೊತ್ತು. ನಿಮ್ಮನ್ನೂ ಯಾರೂ ಕೇಳಿರ್ಲಿಲ್ಲ ಅಂತಾನೂ ಗೊತ್ತು.

ಹೋದ ಭಾನುವಾರ ಅವಳೂ ನಾನೂ ಕೋರಮಂಗಲಕ್ಕೆ ಹೋಗಿದ್ವಿ. ಬಸ್ ಹೆಂಗಿದ್ರೂ ಹೆಂಗಸ್ರಿಗೆ ಫ್ರೀ. ಹೆಬ್ಬಾಳ ಫ್ಲೈಓವರ್ ದಾಟಿದ ಮೇಲೆ ಮೇಖ್ರಿ ಸರ್ಕಲ್ ಹತ್ರ ಕೆಂಪೇಗೌಡ ಗೋಪುರ ಇದೆ ಅಂತ ಕಿಟಕಿಯಿಂದ ಕೈ ತೋರಿಸಿದ್ಲು. ಇಷ್ಟು ವರ್ಷ ಆ ದಾರೀಲಿ ಓಡಾಡಿದೀನಿ, ನೋಡೇ ಇರ್ಲಿಲ್ಲ. ಮೆಜೆಸ್ಟಿಕ್ಕಲ್ಲಿ ಇಳಿದ್ರೆ ಅದೂ ಕೆಂಪೇಗೌಡ ಬಸ್ ನಿಲ್ದಾಣ. ‘ನೋಡಮ್ಮ, ಏರ್‌ಪೋರ್ಟಿಗೆ ಅವ್ರ ಹೆಸರು, ಬಸ್ ಸ್ಟ್ಯಾಂಡಿಗೆ ಅವ್ರ ಹೆಸರು, 108 ಅಡಿ ಪ್ರತಿಮೆ. ಲಕ್ಷ್ಮಮ್ಮನ ಹೆಸರು ಕೇಳಿದ್ರೆ ನನ್ನ ಫ್ರೆಂಡ್ಸ್‌ಗೆ ಗೊತ್ತೇ ಇಲ್ಲ’ ಅಂದ್ಲು. ಸಮಾಧಿ ಹತ್ರ ಒಂದು ಮೊಳ ಮಲ್ಲಿಗೆ ಇಟ್ವಿ. ಅವಳು ಕಣ್ಮುಚ್ಚಿ ತುಂಬಾ ಹೊತ್ತು ನಿಂತಿದ್ಲು. ನಾನು ಏನು ಬೇಡ್ಕೋಬೇಕು ಅಂತ ಗೊತ್ತಾಗದೆ, ‘ಪುಣ್ಯಾತ್ಗಿತ್ತಿ, ನೀನು ಹೋಗ್ಬಾರ್ದಿತ್ತು’ ಅಂದೆ ಮನಸ್ಸಲ್ಲೇ.

ಬರೋವಾಗ ಬಸ್ಸಲ್ಲಿ ಕಥೆ ಏನಾಗತ್ತೆ ಅಂತ ಕೇಳಿದೆ. ಯೋಚ್ನೆ ಮಾಡವ್ಳೆ. ಚೈತ್ರ ಆ ರಾತ್ರಿ ಲಕ್ಷ್ಮಮ್ಮನ್ನ ತಡೆಯಲ್ವಂತೆ, ಎಳೆಯಲ್ವಂತೆ. ಬಾಗಿಲ ಹತ್ರ ಹೋಗಿ ಪಕ್ಕದಲ್ಲಿ ಕೂತು ‘ನಿನಗೆ ಇಷ್ಟ ಇದೆಯಾ?’ ಅಂತ ಕೇಳ್ತಾಳಂತೆ. ಲಕ್ಷ್ಮಮ್ಮ ಏನು ಹೇಳ್ತಾಳೆ ಅಂತ ಕೇಳಿದ್ರೆ, ‘ಅದಿನ್ನೂ ಗೊತ್ತಿಲ್ಲಮ್ಮ, ಪರೀಕ್ಷೆ ಮುಗೀಲಿ’ ಅಂದ್ಲು. ಸೋಮನ ಕಥೆ ಏನು ಅಂದೆ. ಅವನು ಲಾಂದ್ರ ಹಿಡ್ಕೊಂಡು ದೂರದಲ್ಲಿ ಕಾಯ್ತಿರ್ತಾನಂತೆ. ‘ಆಗ ಲಾಂದ್ರ ಇರ್ಲಿಲ್ಲ ಕಣೆ, ಪಂಜು ಅಂತ ಬರಿ’ ಅಂದೆ. ಅಲ್ಲೇ ಫೋನಲ್ಲಿ ಬರ್ಕೊಂಡ್ಲು.

ಸಿಪ್ಪೆ ಹಾಕೋಕೆ ಈಗ ಮೊರ ಇಟ್ಕೊಂಡಿದೀನಿ. ಲಾಂಗ್ ಬುಕ್ ದೇವರ ಮನೆ ಪಕ್ಕದ ಗೂಡಲ್ಲಿದೆ, ಇನ್ನೂ ಹದಿನೆಂಟು ಹಾಳೆ ಖಾಲಿ ಇದೆ. ನಿಮ್ಮ ಮನೆ ಹಿರಿಯರು ಯಾರಾದ್ರೂ ಬೆರಳು ಕೊಡೋ ವಿಷಯ ಹೇಳಿದ್ರೆ, ಹಾಡಿನಲ್ಲಿ ಕೇಳಿದ್ರೆ, ನಂಗೆ ತಿಳಿಸಿ. ಮಗಳು ಬರೆದಿಟ್ಕೊಂತಾಳಂತೆ.

ಹಿತಕಿದ ಬೇಳೆ ಸಾರಿಗೆ ಈ ಸಲ ಬ್ಯಾಡಗಿ ಹಾಕ್ದೆ ಬರೀ ಕರಿಮೆಣಸು, ಹುಣಸೆಹಣ್ಣು ಹಾಕಿ ಮಾಡಿದ್ದೆ, ಗೌಡ್ರ ಕಾಲದ್ದು ಹೆಂಗಿರತ್ತೆ ನೋಡಾಣ ಅಂತ. ಬಣ್ಣ ಬರ್ಲಿಲ್ಲ. ಆದ್ರೆ ಇಬ್ರೂ ಎರಡೆರಡು ಮುದ್ದೆ ಉಂಡ್ವಿ.